ಧುಪದಾಳದ ಸುತ್ತ: ನೋಡತಕ್ಕದ್ದು, ಉಳಿಸತಕ್ಕದ್ದು

ನಿಸರ್ಗದ ಚೆಲುವನ್ನು ಕಾಣಬೇಕೆಂದು ಮನುಷ್ಯನು ದೂರ ದೂರದ ನಾಡುಗಳಿಗೆ ಹೋಗುವ ರೂಢಿ ಹೊಸತೇನೂ ಅಲ್ಲ. ಮೆಡಿಟರೇನಿಯನ್ ಸಮುದ್ರದ ನಡುವಿನ ಮಾಲ್ಟಾ, ಮಜೋರ್ಕಾ, ಸೈಪ್ರಸ್ ಮೊದಲಾದ ದ್ವೀಪಗಳಿಗೆ ವರ್ಷವರ್ಷವೂ ಲಕ್ಷಗಟ್ಟಲೆ ಜನರು ಹೋಗುತ್ತಾರೆ. ಕಡಲು ಕೊರೆದ ಸುಣ್ಣಕಲ್ಲಿನ ಕಮಾನುಗಳು, ನೆಲದೊಳಗಿನ ಗುಹೆಗಳು, ಗುಹೆಯೊಳಗಿನ ಕೊಳಗಳು ಅಲ್ಲಿ ನೋಡುವವರ ಕಣ್ಣನ್ನು ತಣಿಸುತ್ತವೆ. ನಮ್ಮವರಲ್ಲಿ ಅನುಕೂಲವುಳ್ಳವರೂ ಈಗ ಅಲ್ಲಿಗೆ ಹೋಗಿ ಬರುವುದುಂಟು. ಹೋಗಬಾರದೆಂದು ಯಾರೂ ಹೇಳರು. ಆದರೆ ಬೆಳಗಾವಿಯಿಂದ ಮಿರಜಿನ ಕಡೆಗೆ ಹೋಗುವ ರೈಲನ್ನು ಹಿಡಿದು ಘಟಪ್ರಭಾ ನಿಲ್ದಾಣದಲ್ಲಿ ಇಳಿದರೆ, ಧುಪದಾಳವೆಂಬ ಊರನ್ನು ನಡುವೆ ಇಟ್ಟುಕೊಂಡು ಒಂದೆರಡು ದಿನಗಳಲ್ಲಿ ಸುತ್ತಿ ಮುಗಿಸಬಹುದಾದಷ್ಟು ಹತ್ತಿರದಲ್ಲಿಯೇ ಜಲಪಾತಗಳು, ಪಕ್ಷಿಗಳ ಬೀಡು, ಕಮರಿಗಳು, ಕಾಲುವೆಗಳು, ವಿಶಾಲವಾದ ಜಲಾಶಯ ಇವೆಲ್ಲವೂ ಇರುವುದನ್ನು ಎಷ್ಟು ಜನರು ಬಲ್ಲರು? ಬಲ್ಲವರೂ ಅವುಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸಿ ನೋಡುತ್ತಾರೆ. ಗೋಕಾಕ ಜಲಪಾತದ ಮುಂದೆ ನಿಂತು ಒಂದು ಚಿತ್ರವನ್ನು ತೆಗೆದುಕೊಂಡು, ಕರದಂಟಿನ ಪೊಟ್ಟಣವೊಂದನ್ನು ಕೊಂಡು ಮರಳುತ್ತಾರೆ.

ಈ ನೋಟಗಳೆಲ್ಲ ಒಂದೇ ನದೀಕುಟುಂಬದವು. ಅವುಗಳನ್ನು ಒಟ್ಟಾಗಿ ತಿಳಿದುಕೊಂಡರೆ ಮಾತ್ರ ನೋಡಿದ ಹಾಗೆ, ಒಟ್ಟಾಗಿ ಕಾಪಾಡಿದರೆ ಮಾತ್ರ ಉಳಿಸಿದ ಹಾಗೆ, ಎಂಬುದೇ ಈ ಲೇಖನದ ವಾದ.

ನದಿ ಮತ್ತು ಮಳೆ

ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ, ಪೂರ್ವಕ್ಕೆ ಸುಮಾರು 283 ಕಿಲೋಮೀಟರು ಹರಿದು ಕೃಷ್ಣೆಯನ್ನು ಸೇರುತ್ತದೆ. ಅದರ ಉಪನದಿಗಳಲ್ಲಿ ಹಿರಣ್ಯಕೇಶಿ, ಮಾರ್ಕಂಡೇಯ ಎಂಬೆರಡು ಮುಖ್ಯವಾದವು. ಹಿರಣ್ಯಕೇಶಿಯ ಉಗಮವಾದ ಅಂಬೋಲಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದುಂಟು. ಗೋಕಾಕದ ಬಯಲಿನಲ್ಲಿಯಾದರೋ ಅದರ ಹತ್ತನೆಯ ಒಂದು ಪಾಲೂ ಬೀಳುವುದು ಕಷ್ಟ. ಕಡಲಿನ ಕಡೆಯಿಂದ ಬಂದ ಮೋಡಗಳು ಘಟ್ಟವನ್ನು ಏರುವಾಗಲೇ ತಮ್ಮ ಹೊರೆಯನ್ನು ಇಳಿಸಿಬಿಡುವುದರಿಂದ ಪೂರ್ವದ ಸೀಮೆಗೆ ಉಳಿಯುವುದು ಅಲ್ಪ. ಹೀಗೆ ಮಳೆಯಿಲ್ಲದ ನೆಲಕ್ಕೆ ಮಳೆನಾಡಿನ ನೀರನ್ನು ಹೊತ್ತು ತರುವುದೇ ಈ ನದಿಯ ಕೆಲಸ. ಆಕಾಶದಲ್ಲಿ ಮೋಡವಿಲ್ಲದ ದಿನವೂ ಗೋಕಾಕದಲ್ಲಿ ಪ್ರವಾಹ ಬರಬಹುದು ಎಂಬ ವಿಚಿತ್ರಕ್ಕೂ ಇದೇ ಕಾರಣ. 2019ರ ಆಗಸ್ಟ್ ತಿಂಗಳಿನಲ್ಲಿ ಲೋಳಸೂರಿನ ಸೇತುವೆ ಮುಳುಗಿ, ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿದುದನ್ನು ಜನರು ಇನ್ನೂ ಮರೆತಿಲ್ಲ.

ಎರಡು ಕಾಲಗಳ ಕಲ್ಲು

ಧುಪದಾಳದ ಕೆಳಗೆ ಕೆಲವು ಮೈಲಿ ಹರಿದ ಮೇಲೆ ನದಿಯು ಒಮ್ಮೆಲೇ ಸುಮಾರು 52 ಮೀಟರು, ಎಂದರೆ 170 ಅಡಿ, ಕೆಳಕ್ಕೆ ಧುಮುಕುತ್ತದೆ. ಇದೇ ಗೋಕಾಕ ಜಲಪಾತ. ತುಂಬಿದ ಹೊಳೆಯ ಕಾಲದಲ್ಲಿ ಅದರ ಅಗಲ ಸುಮಾರು 177 ಮೀಟರು. ಬಂಡೆಯ ಅಂಚು ಕುದುರೆಯ ಲಾಳದಂತೆ ಬಾಗಿರುವುದರಿಂದಲೂ, ನೀರು ಒಂದೇ ಹಾಸಾಗಿ ಬೀಳುವುದರಿಂದಲೂ ಇದನ್ನು ಅಮೆರಿಕದ ನಯಾಗರಕ್ಕೆ ಹೋಲಿಸುವ ವಾಡಿಕೆಯಿದೆ. ಮಳೆಗಾಲದಲ್ಲಿ ನೀರು ಕೆಂಗಂದು ಬಣ್ಣವನ್ನು ತಾಳುತ್ತದೆ. ಮೇಲಣ ಸೀಮೆಯ ಮಣ್ಣು ಅದರಲ್ಲಿ ಕರಗಿ ಬಂದಿರುತ್ತದೆಯಾಗಿ, ನಾವು ನೋಡುವುದು ನೀರಿನ ಬಣ್ಣವನ್ನಲ್ಲ, ಹೊಲಗಳ ಬಣ್ಣವನ್ನು.

ಈ ಜಲಪಾತ ಇಲ್ಲಿಯೇ ಏಕಿದೆ? ಉತ್ತರವು ಕಲ್ಲಿನಲ್ಲಿದೆ. ಗೋಕಾಕದ ಬಂಡೆಯು ಭೂವಿಜ್ಞಾನಿಗಳು ಕಲಾದಗಿ ಶ್ರೇಣಿ ಎಂದು ಕರೆಯುವ ಶಿಲಾಸಮೂಹಕ್ಕೆ ಸೇರಿದುದು. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ನೀರು ನಿಂತಿತ್ತು. ಅದರ ತಳದಲ್ಲಿ ಮರಳು ಪದರ ಪದರವಾಗಿ ಕೂಡಿ, ಒತ್ತಡದಿಂದ ಗಟ್ಟಿಯಾಗಿ, ಕ್ವಾರ್ಟ್‌ಜೈಟ್ ಎಂಬ ಬಲು ಕಠಿಣವಾದ ಬೆಣಚುಕಲ್ಲಾಯಿತು. ಈ ಶ್ರೇಣಿಯ ಕಲ್ಲುಗಳ ಮೇಲೆ ಆ ಪುರಾತನ ಜಲದ ಅಲೆಗಳು ಮೂಡಿಸಿದ ಬಳುಕು ಗೆರೆಗಳನ್ನು ಇಂದಿಗೂ ಅಲ್ಲಲ್ಲಿ ಗುರುತಿಸಬಹುದು. ಮೀನು ಹುಟ್ಟುವುದಕ್ಕೆ, ಮರ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಅಲೆಗಳವು! ಪಶ್ಚಿಮಕ್ಕೆ ಹೋದರೆ ಬೇರೊಂದು ಕಲ್ಲು ಕಾಣುತ್ತದೆ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನ ನೆಲ ಬಿರಿದು ಹರಿದ ಲಾವಾರಸ ಆರಿ ಆದ ಕರಿಗಲ್ಲು. ನಮ್ಮ ಎರೆಮಣ್ಣಿನ ತಾಯಿ ಅದೇ. ಹಳೆಯ ಬೆಣಚುಕಲ್ಲಿನ ಮೇಲೆ ಈ ಹೊಸ ಕರಿಗಲ್ಲು ಕುಳಿತಿರುವ ಕಡೆಯಲ್ಲಿ ಬೆರಳಿಟ್ಟರೆ, ಒಂದೇ ಬೆರಳಿನ ಅಗಲದಲ್ಲಿ ಕೋಟಿಗಟ್ಟಲೆ ವರ್ಷಗಳನ್ನು ಮುಟ್ಟಿದಂತಾಗುತ್ತದೆ. ನಡುವಿನ ಕಾಲದ ಲೆಕ್ಕವನ್ನು ನಿಸರ್ಗವು ಅಲ್ಲಿ ಅಳಿಸಿಬಿಟ್ಟಿದೆ.

ಬೆಣಚುಕಲ್ಲು ಸುಲಭವಾಗಿ ಸವೆಯದು. ಆದರೆ ಅದರಲ್ಲಿ ನೆಟ್ಟನೆಯ ಬಿರುಕುಗಳಿವೆ. ಬಿರುಕಿನೊಳಕ್ಕೆ ನೀರು ಹೊಗುತ್ತದೆ. ಕೆಳಗಿನ ಪದರಗಳಲ್ಲಿ ಎಲ್ಲಿ ಮೆತ್ತನೆಯ ಜೇಡುಕಲ್ಲಿದೆಯೋ ಅಲ್ಲಿ ಅದು ಮೊದಲು ಕರಗಿ ಪೊಳ್ಳಾಗುತ್ತದೆ. ಆಧಾರ ತಪ್ಪಿದ ಮೇಲಿನ ಹೆಬ್ಬಂಡೆ ಒಂದು ದಿನ ಕಳಚಿ ಬೀಳುತ್ತದೆ. ಹೀಗೆ ಬಂಡೆಗಳು ಒಂದೊಂದಾಗಿ ಕಳಚುತ್ತಾ ಜಲಪಾತವು ಹಿಂದಕ್ಕೆ, ನದಿಯ ಮೂಲದ ಕಡೆಗೆ, ಸರಿಯುತ್ತದೆ. ಜಲಪಾತದ ಮುಂದಣ ಆಳವಾದ ಕಮರಿಯೇ ಅದು ನಡೆದು ಬಂದ ದಾರಿ. ದಡದ ಮೇಲೆ ನಿಂತಿರುವ ಚಾಳುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವು ಮನುಷ್ಯನ ಲೆಕ್ಕದಲ್ಲಿ ಬಹು ಹಳೆಯದು. ಹತ್ತಿರದ ಕೊಣ್ಣೂರಿನ ಶಿಲಾಸಮಾಧಿಗಳು ಅದಕ್ಕಿಂತಲೂ ಹಳೆಯವು. ಜಲಪಾತದ ಲೆಕ್ಕದಲ್ಲಿ ಇವೆರಡೂ ನಿನ್ನೆ ಮೊನ್ನೆಯ ಮಾತು.

ಮಾರ್ಕಂಡೇಯ ನದಿಯೂ ಇದೇ ಕಲ್ಲನ್ನು ದಾಟಬೇಕಾಗಿದೆ. ಗೋಕಾಕಕ್ಕೆ ಹತ್ತಿರದ ಗೊಡಚಿನಮಲ್ಕಿಯಲ್ಲಿ ಅದು ಎರಡು ಹೆಜ್ಜೆಯಲ್ಲಿ ಇಳಿಯುತ್ತದೆ: ಮೊದಲು ಸುಮಾರು 25 ಮೀಟರು, ಸ್ವಲ್ಪ ದೂರ ಹರಿದು ಮತ್ತೆ ಸುಮಾರು 18 ಮೀಟರು. ಗೋಕಾಕದ ಗಾಂಭೀರ್ಯ ಇಲ್ಲಿಲ್ಲ; ಅದಕ್ಕೆ ಬದಲಾಗಿ ಕುರುಚಲು ಕಾಡಿನ ಏಕಾಂತವಿದೆ. ಗೋಕಾಕದ ಬಳಿಯ ಯೋಗಿಕೊಳ್ಳವೂ ಇಂತಹದೇ ಕಲ್ಲಿನ ಕಣಿವೆ. ಒಂದೇ ಕಲ್ಲು ಬೇರೆ ಬೇರೆ ಪ್ರಮಾಣದ ನೀರಿಗೆ ಹೇಗೆ ಬೇರೆ ಬೇರೆಯಾಗಿ ಮಣಿಯುತ್ತದೆ ಎಂಬುದನ್ನು ಕಲಿಯಲು ಈ ಮೂರು ಸ್ಥಳಗಳನ್ನು ಒಂದೇ ದಿನದಲ್ಲಿ ನೋಡುವುದಕ್ಕಿಂತ ಉತ್ತಮವಾದ ಪಾಠವಿಲ್ಲ.

ಒಡ್ಡು ಕಟ್ಟಿದ ಮೇಲೆ ಬಂದ ಹಕ್ಕಿಗಳು

ಧುಪದಾಳದಲ್ಲಿ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡೊಂದಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬರಗಾಲಗಳಿಂದ ತತ್ತರಿಸಿದ್ದ ಸೀಮೆಗೆ ನೀರುಣಿಸಲೆಂದು ಕಟ್ಟಿದುದು ಅದು. ಎಡದಂಡೆಯ ಕಾಲುವೆ ಇಲ್ಲಿಂದಲೇ ಹೊರಡುತ್ತದೆ. ಅದೇ ಕಾಲದಲ್ಲಿ ಜಲಪಾತದ ಇಳಿಜಾರನ್ನು ಬಳಸಿಕೊಂಡು ಹತ್ತಿಯ ಗಿರಣಿಯನ್ನು ನಡೆಸುವ ಸಾಹಸವೂ ನಡೆಯಿತು. 1887ರ ಹೊತ್ತಿಗೆ, ಎಂದರೆ ಶಿವನಸಮುದ್ರದ ವಿದ್ಯುದಾಗಾರ ತಲೆಯೆತ್ತಿದ 1902ಕ್ಕೆ ಹದಿನೈದು ವರ್ಷ ಮೊದಲೇ, ಗೋಕಾಕದಲ್ಲಿ ನೀರಿನ ಬಲದಿಂದ ಯಂತ್ರಗಳು ತಿರುಗುತ್ತಿದ್ದವು. ಕಮರಿಯ ಮೇಲೆ ತೂಗುವ ಸುಮಾರು 200 ಮೀಟರು ಉದ್ದದ ಸೇತುವೆಯೂ ಈ ಉದ್ಯಮದ ನೆರೆಯಲ್ಲಿಯೇ ಇದೆ.

ಒಡ್ಡಿನ ಹಿಂದೆ ನೀರು ನಿಂತಿತು. ನಿಂತ ನೀರಿಗೆ ಮಣ್ಣನ್ನು ಹೊರುವ ಶಕ್ತಿಯಿಲ್ಲ. ಅದು ಹೊಳೆಯು ತಂದ ಹೂಳನ್ನು ಅಲ್ಲಿಯೇ ಬಿಡುತ್ತದೆ. ಹೀಗೆ ಹೂಳು ಕೂಡಿ ನಡುಗಡ್ಡೆಗಳೂ ಕೆಸರಿನ ಬಯಲುಗಳೂ ಏರ್ಪಟ್ಟವು. ಆಪು ಜೊಂಡು ಬೆಳೆದವು. ಮೀನು, ಶಂಖದಹುಳು, ನೀರಹುಳುಗಳು ಹೆಚ್ಚಿದವು. ಅವುಗಳ ಬೆನ್ನ ಹಿಂದೆಯೇ ಹಕ್ಕಿಗಳು ಬಂದವು. 1974ರಲ್ಲಿ ಸರಕಾರವು ಇಲ್ಲಿಯ 29.78 ಚದರ ಕಿಲೋಮೀಟರು ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಸಾರಿತು. ಇಂಜಿನಿಯರನಿಗೆ ಹೂಳು ಶತ್ರು. ಹಕ್ಕಿಗೆ ಅದು ಅನ್ನದ ತಟ್ಟೆ. ಈ ವಿರೋಧವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರ ಪ್ರಸ್ತಾಪ ಬರಲಿದೆ.

ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಮಿಂಚುಳ್ಳಿಗಳು ಇಲ್ಲಿಯ ನಿವಾಸಿಗಳು. ನವೆಂಬರಿನಿಂದ ಮಾರ್ಚಿಯವರೆಗೆ ಬರುವ ಅತಿಥಿಗಳಲ್ಲಿ ಇಬ್ಬರು ಹೆಸರಾದವರು. ಒಬ್ಬರು ಡೆಮಾಯ್ಸೆಲ್ ಕ್ರೌಂಚ. ಬೂದು ಮೈ, ಕರಿಯ ಕುತ್ತಿಗೆ, ಕಿವಿಯ ಬಳಿಯಿಂದ ಹಿಂದಕ್ಕೆ ಇಳಿಬಿದ್ದ ಬಿಳಿಯ ಗರಿಗುಚ್ಛ. ಇವು ಮಧ್ಯ ಏಷ್ಯ, ಮಂಗೋಲಿಯಗಳ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಹಿಮಾಲಯವನ್ನು 5,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ದಾಟಿ ಭರತಖಂಡಕ್ಕೆ ಇಳಿಯುವ ಸಾಹಸಿಗಳು. ಹಗಲು ಕಟಾವಾದ ಹೊಲಗಳಲ್ಲಿ ಕಾಳು ಆಯ್ದು, ಇರುಳು ನೀರಿನ ನಡುವೆ ನಿಂತು ತಂಗುವುದು ಅವುಗಳ ಕ್ರಮ. ಇನ್ನೊಬ್ಬರು ಯುರೋಪಿನ ಬಿಳಿ ಕೊಕ್ಕರೆ. ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರು. ಈ ಹಕ್ಕಿಗೂ ಮೆಡಿಟರೇನಿಯನ್ ಸಮುದ್ರಕ್ಕೂ ಒಂದು ಸ್ವಾರಸ್ಯವಾದ ಸಂಬಂಧವಿದೆ. ಕೊಕ್ಕರೆಯು ರೆಕ್ಕೆ ಬಡಿದು ದಣಿಯದೆ, ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಬಿಸಿಗಾಳಿಯ ಮೇಲೆ ತೇಲುತ್ತಾ ಸಾಗುವ ಹಕ್ಕಿ. ಸಮುದ್ರದ ಮೇಲೆ ಅಂತಹ ಗಾಳಿ ಏಳುವುದಿಲ್ಲ. ಆದ್ದರಿಂದ ಆಫ್ರಿಕಕ್ಕೆ ಹೋಗುವ ಯುರೋಪಿನ ಕೊಕ್ಕರೆಗಳು ಆ ಕಡಲನ್ನು ನೇರವಾಗಿ ದಾಟದೆ, ಪಶ್ಚಿಮದಲ್ಲಿ ಜಿಬ್ರಾಲ್ಟರ್, ಪೂರ್ವದಲ್ಲಿ ಬಾಸ್ಫೊರಸ್ ಇವುಗಳನ್ನು ಬಳಸಿ ಹೋಗುತ್ತವೆ. ಪ್ರವಾಸಿಗರು ಮುಗಿಬೀಳುವ ಆ ಸಮುದ್ರವನ್ನು ಸುತ್ತುಬಳಸುವ ಕುಲದ ಹಕ್ಕಿಯೊಂದು ಧುಪದಾಳದ ಕೆಸರನ್ನು ಹುಡುಕಿಕೊಂಡು ಬರುವುದು ನಮ್ಮ ಅಭಿಮಾನಕ್ಕೆ ಸಾಲದೆ?

ಧುಪದಾಳದ ಮೇಲ್ಗಡೆ, ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ, ಘಟಪ್ರಭೆಯ ದೊಡ್ಡ ಅಣೆಕಟ್ಟಿದೆ. 1977ರಲ್ಲಿ ಪೂರ್ತಿಯಾದ ಈ ಜಲಾಶಯಕ್ಕೆ ರಾಜಾ ಲಖಮಗೌಡ ಎಂಬ ಹೆಸರು. ಅದರ ಒಡಲು 51 ಸಾವಿರ ದಶಲಕ್ಷ ಘನ ಅಡಿ, ಎಂದರೆ ಸುಮಾರು 144 ಕೋಟಿ ಘನಮೀಟರು ನೀರನ್ನು ಹಿಡಿಯುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ, ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ಸೀಮೆಯ ನೀರಾವರಿಗೆ ಯಾರ ಊರು ಬೆಲೆ ತೆತ್ತಿತು ಎಂಬುದನ್ನು ನೆನಪಿಸುವ ಗುಡಿ ಅದು.

ನೀರಿಲ್ಲದ ಜಲಪಾತ

ಇನ್ನು ನನ್ನ ಅಭಿಪ್ರಾಯವನ್ನು ಹೇಳಬೇಕು. ಗೋಕಾಕ ಜಲಪಾತವನ್ನು ಜೂನಿನಿಂದ ಸಪ್ಟೆಂಬರಿನವರೆಗೆ ನೋಡಿದವರು ಬೆರಗಾಗುತ್ತಾರೆ. ಫೆಬ್ರವರಿಯಲ್ಲಿ ಬಂದವರು ಬರಿಯ ಬಂಡೆಯನ್ನು ನೋಡಿ ಹಿಂದಿರುಗುತ್ತಾರೆ. ಮುಂಗಾರಿನ ನದಿ ಬೇಸಗೆಯಲ್ಲಿ ಬಡವಾಗುವುದು ಸಹಜ. ಆದರೆ ಈ ಬಡತನವೆಲ್ಲ ನಿಸರ್ಗದ್ದಲ್ಲ. ಮೇಲೆ ಜಲಾಶಯ, ನಡುವೆ ಕಾಲುವೆ, ಬದಿಯಲ್ಲಿ ಜಲಯಂತ್ರ ಇವುಗಳ ಪಾಲು ಕಳೆದು ಉಳಿದುದು ಮಾತ್ರ ಜಲಪಾತಕ್ಕೆ. ಉಳಿಯದಿದ್ದರೆ ಏನೂ ಇಲ್ಲ. ನೀರನ್ನು ಹಂಚುವ ಲೆಕ್ಕದಲ್ಲಿ ಹೊಲಕ್ಕೆ ಕಲಮು ಇದೆ, ಪಟ್ಟಣಕ್ಕೆ ಇದೆ, ಕಾರ್ಖಾನೆಗೆ ಇದೆ. ಹೊಳೆಗೇ ಒಂದು ಕಲಮು ಇರಬಾರದೆ?

ಇದು ಕವಿಯ ಕನಸೆಂದು ನಗುವವರಿಗೆ ನಯಾಗರದ ಉದಾಹರಣೆಯನ್ನು ಕೊಡಬಹುದು. 1950ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳೂ ಕೆನಡಾವೂ ಮಾಡಿಕೊಂಡ ಒಪ್ಪಂದದಂತೆ, ಪ್ರವಾಸದ ಋತುವಿನ ಹಗಲಿನಲ್ಲಿ ಸೆಕೆಂಡಿಗೆ 1,00,000 ಘನ ಅಡಿಗೆ ಕಡಮೆಯಿಲ್ಲದಂತೆ ನೀರು ಆ ಜಲಪಾತದ ಮೇಲೆ ಹರಿಯಲೇಬೇಕು. ಮಿಕ್ಕ ವೇಳೆಯಲ್ಲಿ 50,000 ಘನ ಅಡಿ. ಅದಕ್ಕೆ ಮೀರಿದುದು ಮಾತ್ರ ವಿದ್ಯುತ್ತಿಗೆ. ಯಂತ್ರನಾಗರಿಕತೆಯಲ್ಲಿ ನಮಗಿಂತ ಮುಂದುವರಿದ ಎರಡು ದೇಶಗಳು ಸೌಂದರ್ಯಕ್ಕೆ ಹೀಗೆ ಅಳತೆಯಿಟ್ಟು ನೀರು ಬಿಟ್ಟಿವೆ.

ನಮ್ಮ ಅಳತೆ ಎಷ್ಟಾದೀತು? ಅಕ್ಟೋಬರಿನಿಂದ ಜನವರಿಯವರೆಗಿನ ಪ್ರತಿ ಭಾನುವಾರ ಎಂಟು ಗಂಟೆಗಳ ಕಾಲ ಸೆಕೆಂಡಿಗೆ 5 ಘನಮೀಟರು ನೀರನ್ನು ಬಂಡೆಯ ಮೇಲೆ ಹರಿಯಬಿಡುವುದೆಂದು ಇಟ್ಟುಕೊಳ್ಳೋಣ. ಮಳೆಗಾಲದ ಭೋರ್ಗರೆತ ಇದರಿಂದ ಬಾರದು. ಕೆಲವು ಬೆಳ್ಳಿಯ ಎಳೆಗಳಂತೂ ಬಂಡೆಯ ಮೇಲೆ ಇಳಿದಾವು. ಒಂದು ದಿನಕ್ಕೆ ಬೇಕಾಗುವ ನೀರು 1,44,000 ಘನಮೀಟರು. ಹಿಡಕಲ್ಲಿನ ಜಲಾಶಯದ ಹತ್ತು ಸಾವಿರದ ಒಂದು ಪಾಲು! ನಾಲ್ಕು ತಿಂಗಳ ಭಾನುವಾರಗಳನ್ನೆಲ್ಲ ಕೂಡಿಸಿದರೂ ಸಾವಿರದಲ್ಲಿ ಎರಡು ಪಾಲನ್ನು ಮುಟ್ಟದು. ಈ ನೀರನ್ನು ಜಲಯಂತ್ರಕ್ಕೆ ಕೊಟ್ಟಿದ್ದರೆ ದಿನಕ್ಕೆ ಸುಮಾರು 16,000 ಯೂನಿಟ್ ವಿದ್ಯುತ್ತು ಹುಟ್ಟುತ್ತಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದೇ ಈ ನೋಟದ ಬೆಲೆ.

ರೈತರ ಆಕ್ಷೇಪವು ಇದಕ್ಕಿಂತ ಘನವಾದುದು. “ನಮ್ಮ ಬೆಳೆ ಒಣಗುವಾಗ ನೀರನ್ನು ಕಲ್ಲಿನ ಮೇಲೆ ಸುರಿಯುವುದೆ?” ಎಂದು ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬರದ ವರ್ಷದಲ್ಲಿ, ಬೇಸಗೆಯ ತಿಂಗಳುಗಳಲ್ಲಿ, ಜಲಪಾತಕ್ಕೆ ನೀರು ಬಿಡಬೇಕೆಂದು ನಾನೂ ಹೇಳಲಾರೆ. ಆದರೆ ಸಾಧಾರಣ ವರ್ಷದಲ್ಲಿ ಬಂಡೆಯ ಮೇಲಿಂದ ಇಳಿದ ನೀರು ಎಲ್ಲಿಯೂ ಮಾಯವಾಗುವುದಿಲ್ಲ. ಅದು ಎಡದಂಡೆಯ ಕಾಲುವೆಗೆ ಸಿಗದೆ ಹೋಗಬಹುದು. ನದಿಯ ಪಾತ್ರದಲ್ಲಿ ಮುಂದೆ ಸಾಗಿ ಕೆಳಗಿನ ಊರುಗಳ ಕುಡಿಯುವ ನೀರಿಗೂ ದಡದ ಪಂಪುಗಳಿಗೂ ಒದಗುತ್ತದೆ. ನಷ್ಟವು ಪೂರ್ತಿಯಾಗಿ ಇಲ್ಲವೆಂದಲ್ಲ, ತಾಳಿಕೊಳ್ಳಬಹುದಾದಷ್ಟು ಸಣ್ಣದು.

ಹೂಳು ಯಾರದು?

ಎರಡನೆಯ ವಿಷಯ ಧುಪದಾಳದ ಹೂಳು. ಒಡ್ಡಿನ ಹಿಂದೆ ಹೂಳು ತುಂಬಿದಷ್ಟೂ ನೀರು ನಿಲ್ಲುವ ಜಾಗ ಕಿರಿದಾಗುವುದರಿಂದ, ಅದನ್ನು ತೆಗೆಯಬೇಕೆಂಬ ಬೇಡಿಕೆ ತಪ್ಪಲ್ಲ. ಆದರೆ ನಡುಗಡ್ಡೆಗಳನ್ನೂ ಕೆಸರ ಬಯಲುಗಳನ್ನೂ ಒಂದೇ ಸಮನೆ ಬಳಿದುಹಾಕಿದರೆ ಪಕ್ಷಿಧಾಮವು ಹೆಸರಿಗೆ ಮಾತ್ರ ಉಳಿದೀತು. ಚಳಿಗಾಲದಲ್ಲಿ ಅಗೆದರೆ ವಲಸೆಯ ಹಕ್ಕಿಗಳಿಗೆ ತೊಂದರೆ. ಅವು ಹೋದ ಮೇಲೆ ಬೇಸಗೆಯಲ್ಲಿ ಅಗೆಯೋಣವೆಂದರೆ ನದಿ ರೀವಗಳಂತಹ ಹಕ್ಕಿಗಳು ಮೊಟ್ಟೆಯಿಡುವುದೇ ಆಗ, ಅದೂ ಬರಿಯ ಮರಳಿನ ಮೇಲೆ. ಆದುದರಿಂದ ಮೊದಲು ಹಕ್ಕಿಗಳು ಎಲ್ಲಿ ತಂಗುತ್ತವೆ, ಎಲ್ಲಿ ಮೇಯುತ್ತವೆ, ಎಲ್ಲಿ ಮರಿಮಾಡುತ್ತವೆ ಎಂಬ ನಕ್ಷೆಯಾಗಬೇಕು. ಕಾಲುವೆಯ ಬಾಯಿಯ ಬಳಿ ಹೂಳನ್ನು ತೆಗೆದು ಹೊಲಗಳಿಗೆ ಗೊಬ್ಬರದ ಮಣ್ಣಾಗಿ ಕೊಡಲಿ. ಗುರುತುಮಾಡಿದ ನಡುಗಡ್ಡೆಗಳನ್ನು ಮುಟ್ಟದಿರಲಿ. ದೋಣಿಯ ವಿಹಾರವೂ ಆ ಮೇರೆಯ ಹೊರಗೇ ಇರಲಿ.

ಹಕ್ಕಿಯ ಬಾಳು ನೀರಿನೊಳಗೆ ಮುಗಿಯುವುದಿಲ್ಲವೆಂಬುದನ್ನೂ ಮರೆಯಬಾರದು. ಕ್ರೌಂಚಕ್ಕೆ ಬೇಕಾದುದು ಜೋಳ, ಕಡಲೆ, ಶೇಂಗಾಗಳ ತೆರೆದ ಹೊಲ. ಕಾಲುವೆಯ ನೀರು ಬಂದಲ್ಲೆಲ್ಲ ಕಬ್ಬು ಬೆಳೆಯಿತು. ಆಳೆತ್ತರದ ಕಬ್ಬಿನಲ್ಲಿ ಕ್ರೌಂಚಕ್ಕೆ ಕಾಳೂ ಇಲ್ಲ, ಸುತ್ತ ನೋಡಿ ಅಪಾಯವನ್ನರಿಯುವ ಬಯಲೂ ಇಲ್ಲ. ಕೆರೆಯನ್ನು ಕಾಯ್ದು ಹೊಲವನ್ನು ಕಳೆದುಕೊಂಡರೆ, ತಂಗುವ ಛತ್ರವನ್ನು ಉಳಿಸಿ ಅಡಿಗೆಮನೆಯನ್ನು ಕೆಡವಿದಂತಾಗುತ್ತದೆ. ಹಿಂಗಾರಿ ಜೋಳವನ್ನು ಬೆಳೆಯುವ ರೈತನಿಗೆ ಸಿಗುವ ಪ್ರೋತ್ಸಾಹವು ಹೀಗೆ ಕ್ರೌಂಚಕ್ಕೂ ಸಲ್ಲುತ್ತದೆ.

ನೋಡುವವರ ಶಿಸ್ತು

ಮೂರನೆಯದು ನಮ್ಮ ಸ್ವಂತ ನಡತೆ. ಪ್ರವಾಹದ ದಿನಗಳಲ್ಲಿ ಪಾಚಿಗಟ್ಟಿದ ಬಂಡೆಯ ತುದಿಯಲ್ಲಿ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ಚಪಲ ಜೀವಕ್ಕೆ ಎರವಾಗುವಂತಹುದು. ಬೆಣಚುಕಲ್ಲು ಒದ್ದೆಯಾದರೆ ಗಾಜಿನಂತೆ ಜಾರುತ್ತದೆ. ಮೇಲಿನಿಂದ ನೀರು ಬಿಟ್ಟರೆ ಹೊಳೆಯ ಮಟ್ಟವು ನೋಡುತ್ತಿರುವಂತೆಯೇ ಏರುತ್ತದೆ. ಕಟಾಂಜನ, ಎಚ್ಚರಿಕೆಯ ಸೀಟಿ, ಕಾವಲುಗಾರ ಇವು ಅತ್ಯಗತ್ಯ. ಆದರೆ “ಇಲ್ಲಿ ಬರಬಾರದು” ಎಂಬ ಫಲಕಕ್ಕಿಂತ “ಇಲ್ಲಿ ಏಕೆ ಬರಬಾರದು” ಎಂದು ತಿಳಿಸುವ ಫಲಕವನ್ನು ಜನರು ಹೆಚ್ಚು ಮನ್ನಿಸುತ್ತಾರೆ. ಕಲ್ಲಿನ ವಯಸ್ಸು, ಜಲಪಾತ ಹಿಂದೆ ಸರಿಯುವ ಬಗೆ, ಹಕ್ಕಿಗಳ ಹೆಸರು ಮತ್ತು ದಾರಿ ಇವನ್ನು ಸರಳವಾದ ಕನ್ನಡದಲ್ಲಿ ಬರೆದು ನಿಲ್ಲಿಸಲು ಆಗುವ ಖರ್ಚು ಒಂದು ಹೊಸ ಅಂಗಡಿಸಾಲಿನ ಖರ್ಚಿಗಿಂತ ಎಷ್ಟೋ ಕಡಮೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಹಿಡಕಲ್ಲಿನಿಂದ ಗೊಡಚಿನಮಲ್ಕಿಯವರೆಗೆ ಈ ನದಿಗಳ ಜಾಡಿನಲ್ಲಿ ಸಾಗಲಿ. ಭೂಗೋಳದ ಪಾಠ ಅವರಿಗೆ ಬಾಯಿಪಾಠವಾಗಿ ಉಳಿಯಲಾರದು. ಪ್ಲಾಸ್ಟಿಕ್ಕಿನ ಸೀಸೆಯನ್ನು ಹೊಳೆಗೆ ಎಸೆಯುವ ಕೈಯನ್ನು ನಾಳೆ ತಡೆಯುವವರೂ ಅವರೇ.

ನಿಸರ್ಗದ ನೋಟಗಳು ಶಾಶ್ವತವೆಂದು ನಂಬುವುದು ತಪ್ಪು. ಮಾಲ್ಟಾದ ಗೋಜೋ ದ್ವೀಪದಲ್ಲಿ ಕಡಲು ಸುಣ್ಣಕಲ್ಲನ್ನು ಕೊರೆದು ಮಾಡಿದ್ದ ‘ನೀಲಿ ಕಿಟಕಿ’ ಎಂಬ ಹೆಗ್ಗಮಾನು ಜಗತ್ಪ್ರಸಿದ್ಧವಾಗಿತ್ತು. 2017ರ ಮಾರ್ಚ್ 8ರಂದು ಬಿರುಗಾಳಿಗೆ ಅದು ಕುಸಿದು ಕಡಲ ಪಾಲಾಯಿತು. ಅದನ್ನು ಕೆಡವಿದುದು ಸಮುದ್ರ. ಅದಕ್ಕೆ ಯಾರೂ ಹೊಣೆಯಲ್ಲ. ಗೋಕಾಕದ ಬಂಡೆಯಾದರೋ ನಮ್ಮ ನೂರಾರು ತಲೆಮಾರುಗಳನ್ನು ನೋಡುವಷ್ಟು ಗಟ್ಟಿಯಾಗಿದೆ. ಇಲ್ಲಿ ಅಳಿಯಬಹುದಾದುದು ಬಂಡೆಯಲ್ಲ. ಅದರ ಮೇಲಿನ ನೀರು, ಅದರ ಹಿಂದಿನ ಹಕ್ಕಿ. ಅವೆರಡೂ ಇರುವುದು ನಾವು ಒಡ್ಡಿನ ಬಾಗಿಲನ್ನು ಎಷ್ಟು ತೆರೆಯುತ್ತೇವೆ, ಗುದ್ದಲಿಯನ್ನು ಎಲ್ಲಿ ಹಾಕುತ್ತೇವೆ ಎಂಬುದರ ಮೇಲೆ. ಕಡಲಿಗೆ ಬುದ್ಧಿ ಹೇಳುವುದು ಸಾಧ್ಯವಿರಲಿಲ್ಲ. ನಮಗೆ ನಾವೇ ಹೇಳಿಕೊಳ್ಳುವುದು ಸಾಧ್ಯವಿದೆ.